ಕಣ್ಣೊಳಗಿನ ವೇಷಧಾರಿ



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಗ್ರಂಥಗಳ ವಿಚಾರವನ್ನೋ ಸಂಸಾರದ ನಡೆನುಡಿಯ ವಿಚಾರವನ್ನೋ ಬರೆಯುತ್ತ ಬಂದಿದ್ದೇವೆ. ಈ ತಿಂಗಳು ಒಂದು ರೋಗದ ವಿಚಾರವನ್ನು ತಮ್ಮ ಮುಂದಿಡುತ್ತಿದ್ದೇವೆ. ಅದು ಬಹು ಅಪರೂಪದ ರೋಗ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಅಂಥದನ್ನೇಕೆ ಬರೆಯಬೇಕೆಂದು ತಾವು ಕೇಳಬಹುದು. ಅದಕ್ಕೆ ಕಾರಣಗಳೆರಡು. ಆ ರೋಗವು ತನ್ನ ನಿಜರೂಪವನ್ನು ಮರೆಸಿ, ಸಾಮಾನ್ಯವಾದ ಬೇನೆಯೊಂದರ ವೇಷದಲ್ಲಿ ಬರುತ್ತದೆ. ಅದನ್ನು ಗುರುತಿಸುವುದೇ ಅತ್ಯಂತ ಕಠಿಣವಾದ ಕೆಲಸವೆಂಬುದು ಮೊದಲನೆಯ ಕಾರಣ. ಈ ವಿಚಾರದಲ್ಲಿ ನಮ್ಮಿಂದಲೇ ಒಂದು ತಪ್ಪು ನಡೆದುಹೋಗಿದೆ. ಅದನ್ನು ತಮ್ಮೆದುರು ಒಪ್ಪಿಕೊಳ್ಳಬೇಕಾಗಿದೆ ಎಂಬುದು ಎರಡನೆಯದು.

ನಮ್ಮೊಡನೆ ಬಾಲ್ಯದಲ್ಲಿ ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ಸಹಪಾಠಿಯೊಬ್ಬರಿದ್ದಾರೆ. ಪ್ರೌಢಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ತಾಳೆಗರಿಯ ಪ್ರತಿಗಳನ್ನು ಓದುವುದರಲ್ಲಿ ನಮಗಿಂತ ಚುರುಕು. 2021ರ ಶ್ರಾವಣದಲ್ಲಿ ನಾವಿಬ್ಬರೂ ಒಂದು ಪುಸ್ತಕದ ಕರಡಚ್ಚು ತಿದ್ದುತ್ತ ಕುಳಿತಿದ್ದಾಗ ಅವರು ಹಾಳೆಯನ್ನು ಎರಡು ಮೂರು ಸಲ ಕೈಯಿಂದ ಒರೆಸಿದರು.

"ಶಾಸ್ತ್ರೀ, ಹಾಳೆಯ ಮೇಲೆ ಇರುವೆ ಹರಿದ ಹಾಗೆ ಕಾಣುತ್ತದಲ್ಲ. ಒರೆಸಿದರೂ ಹೋಗವು" ಎಂದರು.

"ಅರವತ್ತಾರಾಯಿತಲ್ಲ ಮಾಸ್ತರೇ, ಪೊರೆ ಬರುವ ಕಾಲ. ಪುಸ್ತಕ ಮುಗಿಯಲಿ, ಆಮೇಲೆ ತೋರಿಸಿದರಾಯಿತು" ಎಂದೆವು.

ನಮ್ಮ ಕಡೆಯ ಹಿರಿಯರ ಮನಸ್ಸಿನಲ್ಲಿ ಕಣ್ಣಿನ ರೋಗವೆಂದರೆ ಪೊರೆಯೇ. ಡಾ. ಎಂ. ಸಿ. ಮೋದಿಯವರು ಊರೂರಿಗೆ ಶಿಬಿರಗಳನ್ನು ಕೊಂಡೊಯ್ದು ಸಾವಿರ ಸಾವಿರ ಜನರ ಪೊರೆ ತೆಗೆದುದನ್ನು ಕಣ್ಣಾರೆ ಕಂಡು ಬೆಳೆದ ತಲೆಮಾರು ನಮ್ಮದು. ಆ ಪುಣ್ಯಾತ್ಮರು 2005ರಲ್ಲಿ ಲಿಂಗೈಕ್ಯರಾದರು. ಅವರು ಬೆಳಕು ಕೊಟ್ಟ ಕಣ್ಣುಗಳಿಗೆ ಲೆಕ್ಕವಿಲ್ಲ. ಆದರೆ ಆ ನೆನಪಿನ ಬಲದಿಂದ ನಾವು ಒಂದು ತಪ್ಪು ನಂಬಿಕೆಯನ್ನೂ ಬೆಳೆಸಿಕೊಂಡೆವು. ವಯಸ್ಸಾದವರ ಕಣ್ಣು ಮಂಜಾದರೆ ಅದು ಪೊರೆ, ಪೊರೆಗೆ ಅವಸರವಿಲ್ಲ, ಸುಗ್ಗಿ ಮುಗಿಯಲಿ, ಮದುವೆ ಮುಗಿಯಲಿ ಎಂದು ಮುಂದೂಡುವುದು ರೂಢಿಯಾಯಿತು. ನಾವೂ ಹಾಗೆಯೇ ಮುಂದೂಡಿದೆವು. ಪುಸ್ತಕ ಮುಗಿದುದು ಕಾರ್ತಿಕದಲ್ಲಿ. ಮೂರು ತಿಂಗಳು ಕಳೆದಿದ್ದವು.

ವೈದ್ಯರು ಪರೀಕ್ಷಿಸಿ ಪೊರೆಯಲ್ಲ, ಕಣ್ಣಿನೊಳಗೆ ಉರಿಯೂತವಿದೆ, ಅದನ್ನು ಯುವಿಯೈಟಿಸ್ ಎನ್ನುತ್ತಾರೆ ಎಂದರು. ಸ್ಟೀರಾಯ್ಡ್ ಹನಿಗಳನ್ನೂ ಮಾತ್ರೆಗಳನ್ನೂ ಕೊಟ್ಟರು. ಸಂಕ್ರಾಂತಿಯ ಹೊತ್ತಿಗೆ ಮಂಜು ತಿಳಿಯಾಯಿತು. ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಮಾತ್ರೆಯ ಪ್ರಮಾಣ ಇಳಿಸುತ್ತಲೇ ಶಿವರಾತ್ರಿಯ ವೇಳೆಗೆ ಮಂಜು ಮರಳಿತು. ಯುಗಾದಿಗೆ ಇನ್ನೊಂದು ಕಣ್ಣಿನಲ್ಲಿಯೂ ಅದೇ ಇರುವೆಗಳು ಹರಿಯತೊಡಗಿದವು. ತೋಳಿಗೆ ಚುಚ್ಚಿ ಮಾಡುವ ಕ್ಷಯದ ಪರೀಕ್ಷೆಯಲ್ಲಿ ಗಂಟು ಎದ್ದಿತು. ನಮ್ಮ ದೇಶದಲ್ಲಿ ಕಣ್ಣಿನ ಉರಿಯೂತಕ್ಕೆ ಕ್ಷಯವು ಒಂದು ಮುಖ್ಯ ಕಾರಣವಾದುದರಿಂದ ಆ ಔಷಧಿಯೂ ಪ್ರಾರಂಭವಾಯಿತು. ಇದರಲ್ಲಿ ವೈದ್ಯರನ್ನು ದೂಷಿಸಲಾಗದು. ಕಂಡ ಲಕ್ಷಣಗಳಿಗೆ ತಕ್ಕ ಚಿಕಿತ್ಸೆಯನ್ನೇ ಅವರು ಕೊಟ್ಟಿದ್ದರು. ಆದರೆ ಆ ಗಂಟು ಎಂದೋ ಕ್ಷಯದ ಕ್ರಿಮಿ ದೇಹವನ್ನು ಹೊಕ್ಕಿತ್ತೆಂಬುದನ್ನು ಸೂಚಿಸುತ್ತದೆಯೇ ಹೊರತು, ಈಗಿನ ಕಣ್ಣಿನ ಬೇನೆಗೆ ಅದೇ ಕಾರಣವೆಂದು ಸಾಧಿಸುವುದಿಲ್ಲ. ನಮ್ಮ ನಾಡಿನಲ್ಲಿ ಎಷ್ಟೋ ಆರೋಗ್ಯವಂತರ ತೋಳಿನಲ್ಲಿಯೂ ಆ ಗಂಟು ಏಳುತ್ತದೆ.

ಪೂರ್ತಿ ಒಂದು ವರ್ಷವಾದ ಮೇಲೆ, 2022ರ ಶ್ರಾವಣದಲ್ಲಿ, ಅವರನ್ನು ಕಂಡ ಹಿರಿಯ ತಜ್ಞರೊಬ್ಬರು ಹಳೆಯ ಚೀಟಿಗಳನ್ನೆಲ್ಲ ಮೊದಲಿಂದ ಓದಿದರು. ಬಳಿಕ ಹೇಳಿದರು: "ಅರವತ್ತು ದಾಟಿದ ಮೇಲೆ ಮೊದಲ ಬಾರಿಗೆ ಬಂದ ಉರಿಯೂತ. ನೋವಿಲ್ಲ, ಕೆಂಪಿಲ್ಲ. ಎರಡೂ ಕಣ್ಣು. ಸ್ಟೀರಾಯ್ಡ್ ಕೊಟ್ಟರೆ ಹಿಂದೆ ಸರಿಯುತ್ತದೆ, ಇಳಿಸಿದರೆ ಮರಳುತ್ತದೆ. ಇದು ಉರಿಯೂತವಲ್ಲದಿರಬಹುದು. ಕಣ್ಣಿನೊಳಗಿನ ಲಿಂಫೋಮಾ ಇರಬಹುದೆಂದು ನನಗೆ ಸಂಶಯ."

ಲಿಂಫೋಮಾ ಎಂದರೇನೆಂಬುದನ್ನು ನಾವು ಆಮೇಲೆ ಕೇಳಿ, ಓದಿ ತಿಳಿದುಕೊಂಡೆವು. ರಕ್ತದಲ್ಲಿಯೂ ದುಗ್ಧಗ್ರಂಥಿಗಳಲ್ಲಿಯೂ ಲಿಂಫೋಸೈಟ್ ಎಂಬ ಬಿಳಿಯ ಕಣಗಳಿವೆ. ಅವು ಶರೀರದ ಕಾವಲುಗಾರರು. ಆ ಕಣಗಳಲ್ಲಿ ಒಂದು ಕೆಟ್ಟು, ಅಂಕೆ ಮೀರಿ ತನ್ನ ಸಂತತಿಯನ್ನು ಬೆಳೆಸತೊಡಗಿದರೆ ಅದು ಲಿಂಫೋಮಾ ಎಂಬ ಕ್ಯಾನ್ಸರ್. ಸಾಮಾನ್ಯವಾಗಿ ಅದು ಕುತ್ತಿಗೆ, ಕಂಕುಳು, ಹೊಟ್ಟೆಯ ಗ್ರಂಥಿಗಳಲ್ಲಿ ಗೆಡ್ಡೆಯಾಗಿ ಕಾಣುತ್ತದೆ. ಆದರೆ ಅದರದೊಂದು ಬಗೆ ಬೇರೆಲ್ಲಿಯೂ ಕಾಣಿಸಿಕೊಳ್ಳದೆ ಕಣ್ಣಿನೊಳಗೇ ಆರಂಭವಾಗುತ್ತದೆ. ಈ ಕೆಟ್ಟ ಕಣಗಳು ಬಹುಮಟ್ಟಿಗೆ 'ಬಿ' ಎಂಬ ಜಾತಿಯ ದೊಡ್ಡ ಲಿಂಫೋಸೈಟುಗಳು.

ಕಣ್ಣಿನ ಹಿಂಭಾಗದ ಕೋಣೆಯಲ್ಲಿ ಲೋಳೆಸರದ ತಿರುಳಿನಂತೆ ತಿಳಿಯಾದ ಒಂದು ಪದಾರ್ಥ ತುಂಬಿದೆ. ಅದರ ಹೆಸರು ವಿಟ್ರಿಯಸ್. ಪ್ರಮಾಣ ಸುಮಾರು 4 ಮಿಲಿಲೀಟರು. ಅದರ ಹಿಂದೆ ಬೆಳಕನ್ನು ಗ್ರಹಿಸುವ ರೆಟಿನಾ ಎಂಬ ತೆಳುಪರದೆಯಿದೆ. ಈ ರೋಗದ ಕಣಗಳು ತಿಳಿಯಾದ ಆ ಪದಾರ್ಥದಲ್ಲಿ ಗುಂಪುಗುಂಪಾಗಿ ತೇಲುತ್ತವೆ. ಅವುಗಳ ನೆರಳು ಪರದೆಯ ಮೇಲೆ ಬಿದ್ದಾಗ ನಮಗೆ ಇರುವೆ, ನೊಣ, ಜೇಡರ ಬಲೆಯಂತೆ ಕಾಣುತ್ತದೆ. ಕೆಲವು ಕಣಗಳು ರೆಟಿನಾದ ಅಡಿಯಲ್ಲಿ ಕೆನೆಬಣ್ಣದ ಮಚ್ಚೆಗಳಾಗಿ ಶೇಖರವಾಗುತ್ತವೆ. ರೆಟಿನಾ ಎಂಬುದು ಗರ್ಭದಲ್ಲಿ ಮೆದುಳಿನಿಂದಲೇ ಚಿಗುರಿದ ಭಾಗ. ಆದುದರಿಂದ ಈ ರೋಗ ಕಣ್ಣಿನಲ್ಲಿ ಮೊದಲು ಕಂಡರೂ ಅದು ಮೆದುಳಿನ ಲಿಂಫೋಮಾದ ಒಡಹುಟ್ಟಿದ್ದು. ಕಾಲಕ್ರಮದಲ್ಲಿ ಇಂಥ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೆದುಳಿನಲ್ಲಿಯೂ ಅದು ಕಾಣಿಸಿಕೊಳ್ಳುತ್ತದೆ. ಇಲ್ಲಿ ದೃಷ್ಟಿಯ ಜೊತೆಗೆ ಪ್ರಾಣದ ಪ್ರಶ್ನೆಯೂ ಇರುವುದರಿಂದ ಬೇಗ ಗುರುತಿಸಬೇಕೆನ್ನುತ್ತಾರೆ.

ಹಾಗಾದರೆ ಸ್ಟೀರಾಯ್ಡಿಗೆ ಅದು ಏಕೆ ತಗ್ಗುತ್ತದೆ? ಆ ಔಷಧಿಯು ಲಿಂಫೋಮಾದ ಕಣಗಳಲ್ಲಿ ಕೆಲವನ್ನು ಕೊಲ್ಲುತ್ತದೆ. ಸುತ್ತಲೂ ಎದ್ದ ನಿಜವಾದ ಉರಿಯೂತವನ್ನೂ ಇಳಿಸುತ್ತದೆ. ಕಣ್ಣು ತಿಳಿಯಾಗುತ್ತದೆ. ಬೇರು ಮಾತ್ರ ಉಳಿಯುತ್ತದೆ. ವೈದ್ಯಶಾಸ್ತ್ರದಲ್ಲಿ ಇಂಥ ರೋಗಗಳಿಗೆ 'ಮಾಸ್ಕರೇಡ್' ಎಂದು ಹೆಸರಿದೆಯಂತೆ. ವೇಷಧಾರಿ ಎಂದು ಅದರ ಅರ್ಥ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮಿಕ್ಕಿ, ಇದು ಉರಿಯೂತವೆಂಬ ಹೆಸರಿನಲ್ಲಿಯೇ ನಡೆದುಹೋಗುವುದು ಎಲ್ಲ ದೇಶಗಳಲ್ಲಿಯೂ ಉಂಟು.

ಮುಂದಿನ ಪರೀಕ್ಷೆಗಳು ಒಂದರ ಮೇಲೊಂದು ನಡೆದವು. ಕಣ್ಣಿನ ಪಾಪೆಯನ್ನು ಹಿಗ್ಗಿಸಿ ಒಳಗೆ ನೋಡಿದರು. ರೆಟಿನಾದ ಪದರಗಳನ್ನು ಬೆಳಕಿನಿಂದಲೇ ಸೀಳಿ ತೋರಿಸುವ ಓಸಿಟಿ ಎಂಬ ಚಿತ್ರವನ್ನೂ, ಕೈಯ ನರಕ್ಕೆ ಬಣ್ಣದ ಔಷಧಿ ಕೊಟ್ಟು ಒಳಗಿನ ರಕ್ತನಾಳಗಳ ಚಿತ್ರವನ್ನೂ ತೆಗೆದರು. ಮೆದುಳಿನ ಎಂಆರ್‌ಐ ಆಯಿತು. ಅಲ್ಲಿ ಏನೂ ಕಾಣಲಿಲ್ಲ. ಬೆನ್ನುಹುರಿಯ ನೀರನ್ನು ತೆಗೆದು ನೋಡಿದರು. ಅಲ್ಲಿಯೂ ಕಣಗಳು ಸಿಗಲಿಲ್ಲ. ಮೆದುಳಿನಲ್ಲಿಯೋ ಬೆನ್ನುಹುರಿಯ ನೀರಿನಲ್ಲಿಯೋ ರೋಗ ಸಿಕ್ಕಿದ್ದರೆ ಕಣ್ಣನ್ನು ಮುಟ್ಟದೆಯೇ ನಿರ್ಣಯ ಮಾಡಬಹುದಿತ್ತು. ಸಿಗದಿದ್ದುದರಿಂದ ಒಂದೇ ದಾರಿ ಉಳಿಯಿತು. ಕಣ್ಣಿನೊಳಗಿನ ವಿಟ್ರಿಯಸ್ಸನ್ನೇ ಸ್ವಲ್ಪ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಆಗ ಮಾಸ್ತರರ ಧರ್ಮಪತ್ನಿ ನಮ್ಮ ಮನೆಗೆ ಬಂದರು. ಆ ತಾಯಿ ನಮ್ಮನ್ನು ನಲವತ್ತು ವರ್ಷಗಳಿಂದ ಅಣ್ಣನೆಂದೇ ಕರೆಯುವವರು.

"ಅಣ್ಣಾ, ಕಣ್ಣೊಳಗೆ ಕತ್ತರಿ ಹಾಕುತ್ತಾರಂತೆ. ಇರುವ ಬೆಳಕೂ ಆರಿಹೋದರೆ ಮುಂದೇನು ಗತಿ? ದೊಡ್ಡ ಬೇನೆಯೇ ಆಗಿದ್ದರೆ ಅದನ್ನು ತಿಳಿದಾದರೂ ಏನು ಮಾಡುವುದು? ಬೇಡ ಅಂತ ನೀವೇ ಹೇಳಿರಿ. ನಿಮ್ಮ ಮಾತನ್ನು ಅವರು ಮೀರುವುದಿಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ನಮ್ಮ ಮಾತನ್ನು ಅವರು ಮೀರುವುದಿಲ್ಲವೆಂಬುದು ನಮಗೆ ತಿಳಿದಿತ್ತು. ಒಂದು ವರ್ಷದ ಹಿಂದೆಯೂ ಮೀರಿರಲಿಲ್ಲ. ಆ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ಬೆಳಿಗ್ಗೆ ಎದ್ದು, "ತಂಗೀ, ನಮಗೆ ಗೊತ್ತಿಲ್ಲದ ವಿಷಯದಲ್ಲಿ ನಾವೊಮ್ಮೆ ಮಾತಾಡಿ ಕೆಡಿಸಿದ್ದೇವೆ. ಈ ಸಲ ನಾವು ಹೇಳುವುದಿಲ್ಲ, ಕೇಳುತ್ತೇವೆ. ನಡೆಯಿರಿ, ಎಲ್ಲರೂ ಕೂಡಿ ವೈದ್ಯರನ್ನೇ ಕೇಳೋಣ" ಎಂದೆವು.

ಆ ವೈದ್ಯರು ಅರ್ಧ ತಾಸು ಕುಳಿತು ವಿವರಿಸಿದರು. ಆ ಶಸ್ತ್ರಕ್ರಿಯೆಯ ಹೆಸರು ವಿಟ್ರೆಕ್ಟಮಿ. ಅಮೆರಿಕದ ಮಯಾಮಿಯಲ್ಲಿ ರಾಬರ್ಟ್ ಮಾಖೆಮರ್ ಎಂಬ ವೈದ್ಯರು 1970ರಲ್ಲಿ ಈ ಕ್ರಮವನ್ನು ಪ್ರಾರಂಭಿಸಿದರು. ಕಣ್ಣಿನ ಕಪ್ಪುಭಾಗದ ಅಂಚಿನಿಂದ ಮೂರೂವರೆ, ನಾಲ್ಕು ಮಿಲಿಮೀಟರು ಹಿಂದೆ, ಬಿಳಿಯ ಭಾಗದಲ್ಲಿ, ಒಂದು ಮಿಲಿಮೀಟರಿಗಿಂತ ಕಿರಿದಾದ ರಂಧ್ರಗಳನ್ನು ಮಾಡಿ ಅಲ್ಲಿಂದ ಉಪಕರಣಗಳನ್ನು ಒಳಗೆ ಬಿಡುತ್ತಾರೆ. ಆ ಜಾಗದಲ್ಲಿ ರೆಟಿನಾ ಇಲ್ಲವಾದುದರಿಂದ ಅದಕ್ಕೆ ಪೆಟ್ಟಾಗದು. ಮೊದಲಿಗೆ ನೀರು ಬೆರೆಸದ ಶುದ್ಧ ವಿಟ್ರಿಯಸ್ಸನ್ನು ಸುಮಾರು ಒಂದು ಮಿಲಿಲೀಟರು ತೆಗೆಯುತ್ತಾರೆ. ಬಳಿಕ ತೊಳೆದ ನೀರನ್ನೂ ಪರೀಕ್ಷೆಗೆ ಉಳಿಸಿಕೊಳ್ಳುತ್ತಾರೆ. ಅಪಾಯವೇ ಇಲ್ಲವೆಂದು ಅವರು ಹೇಳಲಿಲ್ಲ. ಸೋಂಕು, ರಕ್ತಸ್ರಾವ, ರೆಟಿನಾ ಕಳಚುವುದು ಕೆಲವರಲ್ಲಿ ಆಗುವುದುಂಟು. ಪೊರೆಯೂ ಬೇಗ ಬೆಳೆಯಬಹುದು. ಆದರೆ ನಿರ್ಣಯವಿಲ್ಲದೆ ಕ್ಯಾನ್ಸರಿನ ಔಷಧಿ ಕೊಡುವಂತಿಲ್ಲ; ಕೊಡದಿದ್ದರೆ ರೋಗ ನಿಲ್ಲದು. ತೇಲುವ ಕಸ ಹೊರಬಂದರೆ ದೃಷ್ಟಿಯೂ ಸ್ವಲ್ಪ ತಿಳಿಯಾದೀತು ಎಂದರು. ಮಾಸ್ತರರು ಒಪ್ಪಿದರು.

ವೈದ್ಯರು ಇನ್ನೊಂದು ಮಾತನ್ನು ಒತ್ತಿ ಹೇಳಿದ್ದರು. ಶಸ್ತ್ರಕ್ರಿಯೆಗೆ ಮೊದಲು ಸ್ಟೀರಾಯ್ಡನ್ನು ತಾವು ಹೇಳಿದ ಕ್ರಮದಲ್ಲಿ ಇಳಿಸಿ ನಿಲ್ಲಿಸಬೇಕು. ಇಲ್ಲದಿದ್ದರೆ ಕೆಟ್ಟ ಕಣಗಳು ಕರಗಿ ಪರೀಕ್ಷೆಯಲ್ಲಿ ಸಿಕ್ಕುವುದಿಲ್ಲ.

ಮೊದಲ ಕಣ್ಣಿನ ಪರೀಕ್ಷೆಯ ಫಲ ಬಂದಿತು. ಸತ್ತ ಕಣಗಳ ಚೂರುಗಳಲ್ಲದೆ ಬೇರೇನೂ ಇಲ್ಲ. ಮನೆಯಲ್ಲಿ ಹಬ್ಬದ ಸಡಗರ. ಮಗನು, "ಏನೂ ಇಲ್ಲವೆಂದ ಮೇಲೆ ಇಲ್ಲಿಗೇ ಬಿಡೋಣ" ಎಂದನು. ವೈದ್ಯರು ಮಾತ್ರ ಚೀಟಿಯನ್ನು ನೋಡಿ, "ಸಿಗಲಿಲ್ಲವೆಂದರೆ ಇಲ್ಲವೆಂದಲ್ಲ. ಮಾತ್ರೆ ನಿಜವಾಗಿ ನಿಂತಿತ್ತೇ?" ಎಂದು ಕೇಳಿದರು. ಯಾರೂ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆ ತಾಯಿ ತಲೆ ತಗ್ಗಿಸಿ, "ನಿಲ್ಲಿಸಿದರೆ ಮಂಜು ಹೆಚ್ಚುತ್ತದೆಂದು ನಾನೇ ದಿನಕ್ಕೊಂದು ಕೊಡುತ್ತಿದ್ದೆ" ಎಂದರು. ಗಂಡನ ಕಣ್ಣು ಮಂಜಾಗುವುದನ್ನು ನೋಡಲಾರದೆ ಪ್ರೀತಿಯಿಂದ ಮಾಡಿದ ಕೆಲಸವದು. ವೈದ್ಯರು ಗದರಲಿಲ್ಲ. ತಾವು ಮತ್ತೆ ಮೊದಲಿಂದ ಲೆಕ್ಕ ಹಾಕಿ ಮಾತ್ರೆಯನ್ನು ಇಳಿಸುತ್ತ ಬಂದು, ಕೆಲವು ವಾರಗಳ ಬಳಿಕ ಎರಡನೆಯ ಕಣ್ಣಿನಿಂದ ತೆಗೆದರು.

ಈ ಸಲ ಸಿಕ್ಕಿತು. ಈ ಕಣಗಳು ಬಹು ಸೂಕ್ಷ್ಮ. ಶರೀರದಿಂದ ಹೊರಬಂದ ಸ್ವಲ್ಪ ಹೊತ್ತಿನಲ್ಲಿಯೇ ಒಡೆದುಹೋಗುತ್ತವೆ. ಆದುದರಿಂದ ಪ್ರಯೋಗಾಲಯದವರಿಗೆ ಮೊದಲೇ ತಿಳಿಸಿ, ಶಸ್ತ್ರಕ್ರಿಯೆಯ ಕೋಣೆಯಿಂದ ನೇರವಾಗಿ ಒಯ್ದಿದ್ದರು. ಸೂಕ್ಷ್ಮದರ್ಶಕದಲ್ಲಿ ದೊಡ್ಡದಾದ, ಒಡ್ಡೊಡ್ಡಾದ ಬೀಜವುಳ್ಳ ಲಿಂಫೋಸೈಟುಗಳು ಕಂಡವು. ಬಣ್ಣಗಟ್ಟುವ ವಿಶೇಷ ಪರೀಕ್ಷೆಯಿಂದ ಅವು 'ಬಿ' ಜಾತಿಯವೆಂದು ತಿಳಿಯಿತು. ಉರಿಯೂತದಲ್ಲಿ ನಾನಾ ಮೂಲದ ಕಣಗಳು ಬೆರೆತು ಬಂದಿರುತ್ತವೆ. ಲಿಂಫೋಮಾದಲ್ಲಿ ಎಲ್ಲವೂ ಒಂದೇ ತಾಯಿಕಣದ ಸಂತತಿ. ಅದನ್ನೂ ಜೀನಿನ ಪರೀಕ್ಷೆಯಿಂದ ಖಚಿತಪಡಿಸಿಕೊಂಡರು.

ಇದಕ್ಕೆ ಪೂರಕವಾದ ಇನ್ನೆರಡು ಸುಳಿವುಗಳಿವೆಯೆಂದು ನಾವು ತಿಳಿದೆವು. ಅಮೆರಿಕದ ರಾಷ್ಟ್ರೀಯ ನೇತ್ರಸಂಸ್ಥೆಯಲ್ಲಿ ಚೀ-ಚಾವ್ ಚಾನ್ ಎಂಬ ವಿದುಷಿಯೂ ಅವರ ಸಂಗಡಿಗರೂ 1995ರಲ್ಲಿ ಒಂದು ವಿಷಯವನ್ನು ಪ್ರಕಟಿಸಿದರು. ಈ ಲಿಂಫೋಮಾದ ಕಣಗಳು ಇಂಟರ್‌ಲ್ಯೂಕಿನ್-10 ಎಂಬ ರಸವನ್ನು ಹೊರಸೂಸುತ್ತವೆ. ಉರಿಯೂತದಲ್ಲಿ ಹೆಚ್ಚುವುದು ಇಂಟರ್‌ಲ್ಯೂಕಿನ್-6 ಎಂಬ ಇನ್ನೊಂದು ರಸ. ಕಣ್ಣಿನ ದ್ರವದಲ್ಲಿ ಮೊದಲನೆಯದು ಎರಡನೆಯದಕ್ಕಿಂತ ಹೆಚ್ಚಾಗಿದ್ದರೆ ಲಿಂಫೋಮಾದ ಸಂಶಯ ಬಲವಾಗುತ್ತದೆ. ಮುಂದೆ 2011ರಲ್ಲಿ ಇಂಥ 'ಬಿ' ಲಿಂಫೋಮಾಗಳಲ್ಲಿ ಎಂವೈಡಿ88 ಎಂಬ ಜೀನಿನಲ್ಲಿ ಒಂದೇ ಸ್ಥಾನದ ಬದಲಾವಣೆ ಪತ್ತೆಯಾಯಿತು. ಕಣ್ಣಿನ ಲಿಂಫೋಮಾಗಳಲ್ಲಿಯೂ ಬಹುಪಾಲಿನಲ್ಲಿ ಅದೇ ಬದಲಾವಣೆ ಇರುವುದು ಬಳಿಕ ಕಂಡುಬಂದಿತು. ಹಸ್ತಪ್ರತಿಯೊಂದರಲ್ಲಿ ಒಂದು ಅಕ್ಷರ ತಪ್ಪಿದರೆ ಅದರಿಂದ ನಕಲಾದ ಪ್ರತಿಗಳಲ್ಲೆಲ್ಲ ಅದೇ ತಪ್ಪು ಬರುವುದನ್ನು ಕಂಡ ನಮಗೆ ಇದು ಸುಲಭವಾಗಿ ಅರ್ಥವಾಯಿತು. ಕಣಗಳು ತೀರ ಕಡಿಮೆ ಸಿಕ್ಕಾಗಲೂ ಈ ಗುರುತು ವೈದ್ಯರಿಗೆ ನೆರವಾಗುತ್ತದೆ. ಆದರೆ ಯಾವ ಒಂದು ಸುಳಿವೂ ತಾನೊಂದೇ ಸಾಲದು. ಎಲ್ಲವನ್ನೂ ಕೂಡಿಸಿ ನೋಡಿಯೇ ನಿರ್ಣಯ.

ಆಮೇಲೆ ಚಿಕಿತ್ಸೆ ನಡೆಯಿತು. ಮೆಥೊಟ್ರೆಕ್ಸೇಟ್ ಎಂಬ ಔಷಧಿಯನ್ನು ಬಾರಿ ಬಾರಿಗೆ 400 ಮೈಕ್ರೋಗ್ರಾಂನಷ್ಟು ಕಣ್ಣಿನೊಳಗೇ ಚುಚ್ಚಿದರು. ಮೆದುಳನ್ನು ಕಾಯುವ ಸಲುವಾಗಿ ಅದೇ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳದ ಮೂಲಕವೂ ಕೊಟ್ಟರು. ಕಣ್ಣಿನವರೂ ಕ್ಯಾನ್ಸರಿನವರೂ ಒಟ್ಟಾಗಿ ಕುಳಿತು ಮಾಡಿದ ಕೆಲಸವದು. ಮಾಸ್ತರರು ಇಂದು ನಮ್ಮೊಡನಿದ್ದಾರೆ. ಬಲಗಣ್ಣಿಗೆ ಕೈಯ ಆಕಾರವಷ್ಟೇ ಕಾಣುತ್ತದೆ. ಎಡಗಣ್ಣಿನಿಂದ ಭೂತಗನ್ನಡಿ ಹಿಡಿದು ದಿನಕ್ಕೆರಡು ಪುಟ ಓದುತ್ತಾರೆ. ಉಳಿದುದನ್ನು ಮೊಮ್ಮಗಳು ಓದಿ ಹೇಳುತ್ತಾಳೆ. ಗೊತ್ತುಪಡಿಸಿದ ಕಾಲಕ್ಕೆ ಎಂಆರ್‌ಐ ಆಗುತ್ತಲೇ ಇದೆ. ಮುಂದೆ ಮೆದುಳಿಗೆ ಬಾರದೆಂದು ಯಾರೂ ಮಾತು ಕೊಟ್ಟಿಲ್ಲ.

ಗೃಹಸ್ಥ ಬಂಧುಗಳು ಇದರಿಂದ ಹೆದರಬೇಕಾದುದಿಲ್ಲ. ಕಣ್ಣ ಮುಂದೆ ಎಳೆಗಳು, ಚುಕ್ಕೆಗಳು ತೇಲುವುದು ವಯಸ್ಸಾದವರಲ್ಲಿ ಸಾಮಾನ್ಯ. ಬಹಳಷ್ಟು ಸಲ ಅದರಿಂದ ಕೇಡಿಲ್ಲ. ಆದರೆ ಕೇಡಿಲ್ಲವೆಂದು ಹೇಳುವ ಅಧಿಕಾರ ಕಣ್ಣನ್ನು ಪರೀಕ್ಷಿಸಿದವರದು, ನಮ್ಮದಲ್ಲ. ಚುಕ್ಕೆಗಳು ಒಮ್ಮೆಲೇ ಸುರಿದಂತೆ ಹೆಚ್ಚಿದರೆ, ಮಿಂಚು ಹೊಳೆದಂತಾದರೆ, ಅದು ರೆಟಿನಾ ಹರಿದುದರ ಲಕ್ಷಣವಾಗಿರಬಹುದು, ಅಂದೇ ತೋರಿಸಬೇಕು. ಐವತ್ತು ದಾಟಿದವರಿಗೆ ಮೊದಲ ಬಾರಿಗೆ ಕಣ್ಣಿನೊಳಗೆ ಉರಿಯೂತವೆಂದರೆ, ಔಷಧಿ ಇಳಿಸಿದೊಡನೆ ಅದು ಮರಳುತ್ತಿದ್ದರೆ, "ಇದು ಬೇರೇನಾದರೂ ಇರಬಹುದೇ?" ಎಂದು ವೈದ್ಯರನ್ನು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ಅದರೊಡನೆ ಮರೆವು, ಮಾತಿನ ತೊದಲು, ಕೈಕಾಲಿನ ಬಲಹೀನತೆ, ನಡತೆಯಲ್ಲಿ ಬದಲಾವಣೆ ಕಂಡರೆ ತಡಮಾಡದೆ ತಿಳಿಸಬೇಕು. ಹಳೆಯ ಚೀಟಿಗಳನ್ನು ಬಿಸಾಡಬಾರದು. ಮಾಸ್ತರರ ರೋಗದ ಗುಟ್ಟು ಹೊರಬಿದ್ದುದು ಆ ಚೀಟಿಗಳಿಂದಲೇ. ಸ್ಟೀರಾಯ್ಡನ್ನು ತಾವಾಗಿಯೇ ಮುಂದುವರಿಸಬಾರದು. ತಾವಾಗಿಯೇ ಒಮ್ಮೆಲೇ ನಿಲ್ಲಿಸಲೂಬಾರದು, ಅದು ಪ್ರಾಣಕ್ಕೆ ಅಪಾಯ. ಪರೀಕ್ಷೆಯಲ್ಲಿ ಏನೂ ಸಿಗದಿದ್ದಾಗ ವೈದ್ಯರು ಇನ್ನೊಮ್ಮೆ ಮಾಡೋಣವೆಂದರೆ ಅದನ್ನು ದುಡ್ಡಿನ ಆಸೆಯೆಂದು ತಿಳಿಯದೆ ಕಾರಣವನ್ನು ಕೇಳಬೇಕು.

ಇನ್ನು ನಮ್ಮ ತಪ್ಪಿನ ಮಾತು. ಆ ಮೂರು ತಿಂಗಳು ಮೊದಲೇ ಹೋಗಿದ್ದರೆ ಬಲಗಣ್ಣು ಉಳಿಯುತ್ತಿತ್ತೇ ಎಂದು ವೈದ್ಯರನ್ನು ಕೇಳಿದೆವು. "ಹೇಳಲು ಬಾರದು" ಎಂದರು. ಕಳೆದ ದೀಪಾವಳಿಯಲ್ಲಿ ಧೈರ್ಯ ತಂದುಕೊಂಡು ಮಾಸ್ತರರೆದುರು ಕುಳಿತು, ಅಂದು ಪೊರೆಯೆಂದು ತಡೆದವರು ನಾವೇ, ಕ್ಷಮಿಸಬೇಕು ಎಂದೆವು. ಅವರು ನಕ್ಕರು.

"ನೀನು ತಡೆದದ್ದಕ್ಕೆ ನಿಂತೆನೆಂದು ತಿಳಿದೆಯೇನು ಶಾಸ್ತ್ರೀ? ನನಗೇ ಹೆದರಿಕೆಯಿತ್ತು. ನಿನ್ನ ಮಾತು ನನಗೊಂದು ನೆಪವಾಯಿತು."

ಅವರು ನಮ್ಮ ಭಾರವನ್ನು ಇಳಿಸಲೆಂದೇ ಹಾಗೆ ನುಡಿದಿರಬಹುದು. ಆದರೆ ಆ ನುಡಿ ನಮ್ಮನ್ನು ಬಿಟ್ಟಿಲ್ಲ. ನಾಲ್ಕು ಜನ ಗೌರವಿಸುವ ಹಿರಿಯರ ಬಾಯಿಂದ ಬಂದ 'ಏನೂ ಆಗುವುದಿಲ್ಲ' ಎಂಬ ಮಾತು, ಹೆದರಿದವರ ಪಾಲಿಗೆ ಅಡಗಲು ಸಿಕ್ಕ ಮೂಲೆಯಾಗುತ್ತದೆ. ಮಠದಲ್ಲಿ ಓದಿದವರೆಂದು, ವಯಸ್ಸಾದವರೆಂದು ಜನ ನಮ್ಮ ಬಳಿಗೆ ಇಂಥದನ್ನೆಲ್ಲ ಕೇಳಲು ಬರುತ್ತಾರೆ. ಈಗ ನಾವು ಯಾರಿಗೂ ಪೊರೆಯೆಂದು ಹೇಳುವುದಿಲ್ಲ. "ನಾಳೆ ಬೆಳಿಗ್ಗೆ ಹೋಗಿ ತೋರಿಸಿ, ಒಬ್ಬರೇ ಹೋಗಲು ಅಂಜಿಕೆಯಾದರೆ ನಾವೂ ಬರುತ್ತೇವೆ" ಎನ್ನುತ್ತೇವೆ. ತಮ್ಮ ಮನೆಯ ಹಿರಿಯರು ಹಾಳೆಯನ್ನು ಎರಡು ಸಲ ಒರೆಸಿದ್ದು ಕಂಡರೆ, ತಾವೂ ಅಷ್ಟು ಹೇಳಿದರೆ ಸಾಕು.